ಕೊಸರಕ್ಕನ ಬಳ್ಳಿ

ಅವಳ ನರ್ಸರಿಗೆ ಬಂದವರು ಯಾರೂ ಕೊಂಡಷ್ಟನ್ನೇ ಹಿಡಿದುಕೊಂಡು ಹೋದದ್ದಿಲ್ಲ. ಒಂದು ಗುಲಾಬಿ ಸಸಿ ಕೊಂಡರೆ ಜೊತೆಗೊಂದು ಬಳ್ಳಿಯ ತುಂಡು, ಎರಡು ದಾಸವಾಳ ಕೊಂಡರೆ ಜೊತೆಗೊಂದು ಬಳ್ಳಿಯ ತುಂಡು. ಏನೂ ಕೊಳ್ಳದೆ ಎಲ್ಲ ಹೂವನ್ನೂ ಮೂಸಿ ನೋಡಿ ಹೊರಟವರಿಗೂ, ಬರಿಗೈಯಲ್ಲಿ ಯಾಕೆ ಹೋಗ್ತೀರಿ ಎಂದು, ಒಂದು ಬಳ್ಳಿಯ ತುಂಡು. ತೂಗಿ ಆದಮೇಲೆ ಮೇಲೊಂದು ಹಿಡಿ ಹಾಕುವುದಕ್ಕೆ ಕೊಸರು ಎನ್ನುತ್ತೇವಲ್ಲ, ಅದು. ಹೀಗೆ ಕೊಸರು ಕೊಟ್ಟೂ ಕೊಟ್ಟೂ ಅವಳಿಗೆ ಕೊಸರಕ್ಕ ಎಂದೇ ಹೆಸರು ನಿಂತಿತು. ಹೆತ್ತವರು ಇಟ್ಟ ಹೆಸರು ಓಟಿನ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಕೊಸರಕ್ಕ ಎನ್ನಿಸಿಕೊಳ್ಳುವುದೆಂದರೆ ಅವಳಿಗೆ ಜೀವ. ಮದುವೆಯಾದಾಗ ಇಂಥವನ ಹೆಂಡತಿ, ಮೂವತ್ತನಾಲ್ಕಕ್ಕೇ ಅವನು ಸತ್ತಾಗ ಇಂಥವನ ವಿಧವೆ. ತಾನೇ ದುಡಿದು ಸಂಪಾದಿಸಿದ ಹೆಸರೆಂದರೆ ಇದೊಂದೇ. ಬೀದಿಯಲ್ಲಿ ಯಾರಾದರೂ "ಕೊಸರಕ್ಕಾ" ಎಂದು ಕೂಗಿದರೆ ಅರವತ್ತೊಂದರ ಈ ವಯಸ್ಸಿನಲ್ಲೂ ಅವಳ ನಡಿಗೆ ಒಂದು ಗಳಿಗೆ ಬಿಗಿಯಾಗುತ್ತಿತ್ತು. ಇದನ್ನು ಜಂಬ ಎನ್ನುವವರು ಎನ್ನಲಿ. ಬರಿಗೈಯಿಂದ ಶುರುಮಾಡಿ ಊರಿಗೆಲ್ಲ ಹಸಿರು ಹಂಚಿದವಳಿಗೆ ಅಷ್ಟಾದರೂ ಜಂಬ ಬೇಡವೇ?

ಬಳ್ಳಿ ಬಂದದ್ದು ಹೀಗೆ. ಇಪ್ಪತ್ತು ವರ್ಷದ ಹಿಂದೆ ದೂರದ ಊರಿಗೆ ನೆಂಟರನ್ನು ನೋಡಲು ಹೋದವಳು ಬಸ್ ನಿಲ್ದಾಣದ ಪಕ್ಕದ ವಸತಿಗೃಹದ ಹಿಂಗೋಡೆಯ ಮೇಲೆ ಅದನ್ನು ಕಂಡಳು. ಎಣ್ಣೆ ಸವರಿದಂತೆ ಹೊಳೆಯುವ ದಪ್ಪ ಎಲೆ, ಬೆರಳುದ್ದದ ಬಿಳಿ ಹೂಗೊಂಚಲು, ಹತ್ತಿರ ಹೋದರೆ ಸಣ್ಣಗೆ ಘಮ. ಗಿಡದವರ ಕೈ ಸುಮ್ಮನಿರುತ್ತದೆಯೇ? ಒಂದು ಗೇಣು ಚಿವುಟಿ, ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಏಳು ಗಂಟೆ ಮಡಿಲಲ್ಲಿಟ್ಟುಕೊಂಡು ತಂದಳು. ಇದು ಯಾವ ಬಳ್ಳಿ, ಎಲ್ಲಿಯದು, ಬೆಳೆದರೆ ಎಷ್ಟು ಬೆಳೆಯುತ್ತದೆ ಎಂದು ಒಬ್ಬರನ್ನೂ ಕೇಳಲಿಲ್ಲ. ಮಣ್ಣಿಗೆ ಚುಚ್ಚಿದರೆ ವಾರದೊಳಗೆ ಚಿಗುರು. ತಲೆಕೆಳಗಾಗಿ ಚುಚ್ಚಿದರೂ ಚಿಗುರು. ಗಿಡ ಒಣಗಿಸುವುದರಲ್ಲಿ ನಿಸ್ಸೀಮರಾದವರ ಮನೆಯಲ್ಲೂ ಅದು ಬದುಕಿತು. ಅವರೆಲ್ಲ ಬಂದು "ಅಕ್ಕಾ, ನಿಮ್ಮ ಕೈಗುಣ" ಎಂದರೆ ಅವಳು ಅದನ್ನು ನಂಬಿದಳು. ಅದಕ್ಕೆ ಬೇರೆ ಹೆಸರು ಯಾರಿಗೂ ಗೊತ್ತಿರಲಿಲ್ಲವಾಗಿ ಊರೆಲ್ಲ ಅದು ಕೊಸರಕ್ಕನ ಬಳ್ಳಿ ಎನ್ನಿಸಿಕೊಂಡಿತು.

ಜೀವ ಇರುವುದನ್ನು ಎಸೆಯಬಾರದು ಎನ್ನುವುದು ಅವಳ ಕಸುಬಿನ ಕಟ್ಟುನಿಟ್ಟು. ಕತ್ತರಿಸಿದ ಕಡ್ಡಿಯನ್ನೆಲ್ಲ ಎಲ್ಲಾದರೂ ಒಂದು ಕಡೆ ಊರಿಬಿಡುವಳು. ಊರಲು ಜಾಗವಿಲ್ಲದೆ ಮಿಕ್ಕಿದ್ದನ್ನು ಹಿತ್ತಲ ಬೇಲಿಯಾಚೆ ತೊರೆಯ ದಂಡೆಗೆ ಸುರಿಯುವಳು. ಅಲ್ಲಾದರೂ ಬದುಕಿಕೊಳ್ಳಲಿ ಎಂದು. ಬದುಕಿಕೊಂಡವು.

ತೊರೆ ನರ್ಸರಿಯನ್ನು ದಾಟಿ, ಒಂದು ತಿರುವು ಸುತ್ತಿ, ಊರಾಚೆಯ ಸಣ್ಣ ಕಾಡಿಗೆ ಹೋಗುತ್ತದೆ. ಆ ಕಾಡಿಗೆ ಕಾವಲುಗಾರ ಅವಳ ತಮ್ಮನೇ. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವನು, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಮೂವತ್ತು ವರ್ಷ ಆ ಮರಗಳ ಜೊತೆಗೇ ಸಂಸಾರ ಮಾಡಿದವನು. ಕಳೆದ ಮಳೆಗಾಲದಲ್ಲಿ ತೊರೆಯ ಪಕ್ಕದ ಹಳೆಯ ಅತ್ತಿ ಮರದ ಅರ್ಧ ಭಾಗ ಸೀಳಿಕೊಂಡು ಅವನ ಮೇಲೆ ಬಿತ್ತು. ಯಾವುದೋ ಬಳ್ಳಿ ಮರವನ್ನೆಲ್ಲ ಮುಚ್ಚಿಕೊಂಡಿತ್ತಂತೆ, ಒದ್ದೆಯಾಗಿ ಭಾರವಾಗಿತ್ತಂತೆ, ಮರ ತಡೆಯಲಿಲ್ಲವಂತೆ. ಅವನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಆಸ್ಪತ್ರೆಯಿಂದ ಬಂದವನು ಅಕ್ಕನ ಮನೆಯಲ್ಲೇ ಉಳಿದ. ಆಮೇಲೆ ದಿನವೂ ಬೆಳಗ್ಗೆ ಊರುಗೋಲು ಕುಟ್ಟಿಕೊಂಡು ಬಂದು ನರ್ಸರಿಯ ಗೇಟಿನ ಪಕ್ಕ ಕುರ್ಚಿ ಹಾಕಿ, ಪೇಪರು ಬಿಚ್ಚಿ, ಬೈಗುಳ ಶುರುಮಾಡುತ್ತಿದ್ದ.

"ಯಾವ ಪುಣ್ಯಾತ್ಮ ಆ ಹಾಳು ಬಳ್ಳೀನ ಈ ಊರಿಗೆ ತಂದನೋ, ಅವನ ಕೈಗೆ ಲಕ್ವ ಹೊಡೀಲಿ."

"ಹೊಡೀಲಿ ಕಣೋ. ಟೀ ಆರೋಗತ್ತೆ, ಕುಡಿ," ಎನ್ನುವಳು ಕೊಸರಕ್ಕ, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಯಾರಿಗೋ ಕೊಡಲು ಹಿಡಿದ ಬಳ್ಳಿಯ ತುಂಡು. ಮಂಡಿ ನೋವಿನಿಂದ ಅವಳು ಆ ತಿರುವಿನಾಚೆ ಕಾಲಿಟ್ಟು ಹತ್ತು ವರ್ಷವಾಗಿತ್ತು. ಯಾವುದೋ ಕಾಡುಬಳ್ಳಿ ಎಂದುಕೊಂಡಿದ್ದಳು. ತಮ್ಮ ಅವಳ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಮತ್ತೆ ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದ.

ಎಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ಕಾಡಿನ ಕಚೇರಿಗೆ ಹೊಸದಾಗಿ ಬಂದಿದ್ದ ಹುಡುಗಿ ಗೇಟಿನೆದುರು ಸ್ಕೂಟರು ನಿಲ್ಲಿಸಿದಳು. ಗಿಡಗಳ ಬಗ್ಗೆಯೇ ಓದಿಕೊಂಡು ಬಂದವಳೆಂದು ಊರಿನವರು ಅವಳನ್ನು ಗಿಡದ ಮೇಡಂ ಎನ್ನುತ್ತಿದ್ದರು. ಚೀಲದಿಂದ ಒಂದು ನೋಟೀಸು ತೆಗೆದು, "ಇದನ್ನ ನಿಮ್ಮ ಗೇಟಿಗೆ ಹಚ್ಚಬಹುದಾ ಅಮ್ಮಾ? ಗಿಡ ಕೊಳ್ಳೋರೆಲ್ಲ ಇಲ್ಲಿಗೇ ಬರ್ತಾರೆ," ಎಂದಳು.

ನೋಟೀಸಿನ ಮೇಲೆ ಬಾಯಿ ತಿರುಗದ ಉದ್ದನೆಯ ಹೆಸರು, ಕೆಳಗೆ ಚಿತ್ರ. ಕೊಸರಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಎಣ್ಣೆ ಸವರಿದಂಥ ಎಲೆ. ಬೆರಳುದ್ದದ ಬಿಳಿ ಹೂಗೊಂಚಲು.

"ನೋಡೋಕೆ ಮುದ್ದಾಗಿದೆ," ಎಂದಳು ಮೇಡಂ. "ಆದ್ರೆ ಇದು ಈ ಕಡೆಯದಲ್ಲ. ಇದನ್ನ ತಿನ್ನೋ ಹುಳ ಇಲ್ಲಿಲ್ಲ, ತಡೆಯೋ ರೋಗ ಇಲ್ಲಿಲ್ಲ. ಎಲೆ ಬುಡದಲ್ಲಿ ಶುಂಠಿ ಚೂರಿನ ಥರ ಗಂಟು ಬಿಡುತ್ತಲ್ಲ, ಒಂದೊಂದು ಗಂಟೂ ಒಂದೊಂದು ಗಿಡ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಎಳೆದು ಕೀಳೋದು. ಒಂದು ಸಲ ಎಳೆದ್ರೆ ನೂರು ಗಂಟು ಉದುರುತ್ತೆ. ಕಾಡಲ್ಲಿ ಯಾರೋ ಎಳೆದೂ ಎಳೆದೂ ತೊರೆ ಉದ್ದಕ್ಕೂ ಬಿತ್ತಿದಾರೆ. ಊರೊಳಗೆ ಯಾವ್ಯಾವ ಮನೇಲಿದೆ ಅಂತ ಗೊತ್ತಾಗದೆ ಕಾಡಲ್ಲಿ ಕಿತ್ತು ಪ್ರಯೋಜನ ಇಲ್ಲ. ಇದನ್ನ ಯಾರು ಕೊಡ್ತಾರೆ, ನಿಮಗೇನಾದ್ರೂ ಗೊತ್ತಾ?"

ಕೊಸರಕ್ಕನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಗೇಟಿಗೆ ಕಾಣದ ಹಾಗೆ ನೆರಳುಬಲೆಯ ಮರೆಯಲ್ಲಿ, ಅವಳು ತುಂಡು ಕತ್ತರಿಸಿಕೊಳ್ಳುತ್ತಿದ್ದ ಆ ಬಳ್ಳಿಯ ತಾಯಿಮಡಿ ಕೈಸಾಲೆಯಷ್ಟಗಲ ಹಬ್ಬಿ ಹೊಳೆಯುತ್ತಿತ್ತು.

"ಗೊತ್ತಿಲ್ಲಮ್ಮ," ಎಂದಳು.

ತನ್ನ ಗೇಟಿನಲ್ಲಿ ನಿಂತು ಅವಳು ಹೇಳಿದ ಮೊದಲ ಸುಳ್ಳು ಅದು. ತಮ್ಮನಾದರೂ ನಡುವೆ ಬಾಯಿ ಹಾಕಿಯಾನು, ತನ್ನ ಕಾಲಿನ ಕತೆ ಹೇಳಿಯಾನು ಎಂದು ನೋಡಿದರೆ, ಅವನ ಪೇಪರು ಅಲುಗಲೇ ಇಲ್ಲ. ಆ ದಿನದಿಂದ ಬೈಗುಳವೂ ನಿಂತಿತು. ಟೀ ಕೊಟ್ಟರೆ ಕುಡಿದ, ಇಲ್ಲದಿದ್ದರೆ ಇಲ್ಲ.

ಅವಳ ನೆಮ್ಮದಿ ಅಲ್ಲಿಗೆ ಮುಗಿಯಿತು. ತಮ್ಮನ ಊರುಗೋಲು ನೆಲಕ್ಕೆ ಕುಟ್ಟಿದಾಗಲೆಲ್ಲ ಎದೆಗೇ ಕುಟ್ಟಿದಂತಾಗುತ್ತಿತ್ತು. ಹೇಳಿಬಿಡಲೇ? ಹೇಳಿದರೆ ಊರು ಏನೆನ್ನುತ್ತದೆ? ಅದಿರಲಿ, ನಿನ್ನ ಕಾಲು ಮುರಿದದ್ದು ನಾನೇ ಎಂದು ತಮ್ಮನಿಗೆ ಯಾವ ಬಾಯಿಂದ ಹೇಳುವುದು? ತಾಯಿಮಡಿಯನ್ನು ಅಗೆದಳು. ಮೇಲೆ ಹಿಡಿಯಷ್ಟು ಕಂಡ ಒಂದೊಂದು ಬುಡವೂ ಮಣ್ಣೊಳಗೆ ತಲೆಯಷ್ಟು ಗೆಡ್ಡೆಯಾಗಿ ಕೂತಿತ್ತು. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಟ್ಟಳು. ಜೀವ ಇರುವುದನ್ನು ಎಸೆಯದವಳು ಚೀಲದೊಳಗೆ ಅದು ಕೊಳೆಯುವುದನ್ನು ದಿನಾ ಹೋಗಿ ಮುಟ್ಟಿ ಮುಟ್ಟಿ ನೋಡಿದಳು.

ಆಮೇಲೆ, ಕೊಟ್ಟದ್ದನ್ನೆಲ್ಲ ಗುಟ್ಟಾಗಿ ವಾಪಸು ಪಡೆದರಾಯಿತು ಎಂಬ ಯೋಚನೆ ಹೊಳೆಯಿತು. ಊರೊಳಗೆ ಹೊರಟವಳಿಗೆ ಕಣ್ಣು ಬಿಟ್ಟಲ್ಲೆಲ್ಲ ಅದೇ. ದರ್ಜಿಯ ಅಂಗಡಿ ಮೇಲೆ, ಕ್ಷೌರದಂಗಡಿಯ ಕಿಟಕಿಯಲ್ಲಿ, ಹಳದಿ ಗೇಟಿನ ಮನೆಯ ನೀರಿನ ಟ್ಯಾಂಕಿನ ಸುತ್ತ. ಇಷ್ಟು ವರ್ಷ ತನ್ನ ಕೈಗುಣ ಎಂದು ಹಿಗ್ಗಿ ನೋಡುತ್ತಿದ್ದದ್ದೇ ಈಗ ನೋಡಲಾಗದಂತಾಯಿತು. ಮೊದಲು ಹೋದದ್ದು ಲೆಕ್ಕದ ಮೇಷ್ಟ್ರ ಮನೆಗೆ. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಎದುರಿಗೆ ಸಿಕ್ಕವರಿಗೆಲ್ಲ ಮಗ್ಗಿ ಕೇಳುವ ಚಟ ಬಿಡದ ಮನುಷ್ಯ.

"ಮೇಷ್ಟ್ರೇ, ಆ ಬಳ್ಳಿ ನಂಗೆ ವಾಪಸ್ ಬೇಕಿತ್ತು. ಬೇರೆ ಒಳ್ಳೇ ಗಿಡ ಕೊಡ್ತೀನಿ."

ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. "ಕೊಸರು ಕೊಟ್ಟು ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು! ನಮ್ಮ ಕಾಂಪೌಂಡ್ ಬಿರುಕು ಮುಚ್ಚಿಕೊಂಡಿರೋದೇ ಅದರಿಂದ. ಯಾಕೆ, ಏನಾಯ್ತು?"

"ಏನಿಲ್ಲ, ಸುಮ್ನೆ."

"ಸುಮ್ನೆ ಆದ್ರೆ ಸುಮ್ನಿರು. ಬೇಕಿದ್ರೆ ಒಂದು ತುಂಡು ತಗೊಂಡ್ಹೋಗು. ಟ್ಯೂಷನ್‌ಗೆ ಬರೋ ಮಕ್ಕಳಿಗೆಲ್ಲ ನಾನೂ ಕೊಡ್ತಿರ್ತೀನಿ. ಮಗ್ಗಿ ತಪ್ಪಿಲ್ಲದೆ ಹೇಳಿದ್ರೆ ಒಂದು ತುಂಡು." ನಕ್ಕರು. "ನಿನ್ನ ನೋಡೇ ಕಲಿತದ್ದು ಕಣಮ್ಮ."

ಕಾರಣ ಹೇಳದೆ ಕೇಳಿದರೆ ಯಾರೂ ಕೊಡುವುದಿಲ್ಲ. ಕಾರಣ ಹೇಳಿದರೆ ಹೆಸರು ಉಳಿಯುವುದಿಲ್ಲ. ಮನೆಗೆ ವಾಪಸಾಗುವಾಗ ಅವಳ ಕಾಲು ತಾನಾಗಿ ತೊರೆಯ ದಾರಿ ಹಿಡಿಯಿತು. ಮಂಡಿ ಬೇಡ ಬೇಡ ಎಂದರೂ ತಿರುವು ದಾಟಿ ಕಾಡಿಗೆ ಹೋದಳು.

ಕಾಡು ಎಲ್ಲಿತ್ತು? ತಾನು ಚಿಕ್ಕವಳಿದ್ದಾಗ ತಮ್ಮನ ಕೈ ಹಿಡಿದು ಆಡಿದ ಮರಗಳು ಒಂದೂ ಕಾಣಲಿಲ್ಲ. ಹಸಿರು ಚಾದರವೊಂದು ನೆಲದಿಂದ ತುದಿಯವರೆಗೆ ಎಲ್ಲವನ್ನೂ ಮುಚ್ಚಿತ್ತು. ಒಳಗೆ ಮರಗಳಿರಬೇಕು, ಆಕಾರ ಮಾತ್ರ ಗೊತ್ತಾಗುತ್ತಿತ್ತು. ಹಕ್ಕಿಯ ಸದ್ದಿಲ್ಲ. ಬಿಳಿ ಹೂವಿನ ಘಮ ಗಂಟಲಿಗೆ ಬಂದು ಕೂತಿತು. ಅವಳಿಗೆ ಅಳು ಬಂತು, ಅತ್ತಳು. ತನ್ನ ಗಂಡ ಸತ್ತಾಗಲೂ ಹೀಗೆ ಒಬ್ಬಳೇ ನಿಂತು ಅತ್ತಿರಲಿಲ್ಲ.

ಸೀಳಿದ ಅತ್ತಿ ಮರ ಹಾಗೇ ಬಿದ್ದಿತ್ತು. ಅದರ ಪಕ್ಕ ತುಕ್ಕು ಹಿಡಿದ ಒಂದು ಕುಡುಗೋಲು. ಹಿಡಿಗೆ ಸುತ್ತಿದ್ದ ನೀಲಿ ಬಟ್ಟೆ ಅವಳೇ ಸುತ್ತಿಕೊಟ್ಟದ್ದು. ಅದರಾಚೆ ಒಂದು ಗೊಬ್ಬರದ ಚೀಲ, ಮೂಲೆಯಲ್ಲಿ ಅವಳ ನರ್ಸರಿಯ ಹಸಿರು ಗುರುತು. ಕಾವಲುಗಾರನಿಗೆ ಗೊಬ್ಬರದ ಚೀಲ ಯಾಕೆ? ಹತ್ತಿರ ಹೋಗಿ ನೋಡಿದಳು. ಚೀಲದ ತುಂಬ ಯಾರೋ ಎಳೆದು ತುರುಕಿದ ಬಳ್ಳಿ. ಮರ ಬಿದ್ದ ದಿನದಿಂದ ಅಲ್ಲೇ ಬಿದ್ದಿದ್ದ ಅದು ಚೀಲದ ನೇಯ್ಗೆ ಹರಿದು ನಾಲ್ಕೂ ಕಡೆಗೆ ಚಿಗುರಿಕೊಂಡು ಹೊರಟಿತ್ತು.

ಮಧ್ಯಾಹ್ನದ ಬಿಸಿಲಲ್ಲಿ ನರ್ಸರಿಗೆ ಬಂದವಳು ಕುಡುಗೋಲನ್ನು ತಮ್ಮನ ಮಡಿಲಲ್ಲಿಟ್ಟಳು.

"ಅವತ್ತು ಮರದ ಕೆಳಗೆ ಏನ್ ಮಾಡ್ತಿದ್ದೆ?"

ಅವನು ಹಿಡಿಯ ನೀಲಿ ಬಟ್ಟೆಯನ್ನು ಸವರಿದ. "ಎಳೀತಿದ್ದೆ," ಎಂದ. "ನಾಲ್ಕು ವರ್ಷದಿಂದ ಎಳೀತಿದ್ದೆ. ಮೊದಲು ನೋಡಿದಾಗ ಒಂದು ಮಂಚದಷ್ಟಿತ್ತು ಕಣೇ, ಅಷ್ಟೇ. ಎಲೆ ನೋಡಿದ್ರೆ ಗೊತ್ತಾಗಲ್ವಾ ನಂಗೆ? ನಿನ್ನ ಬಳ್ಳಿ."

"ಕಚೇರಿಗೆ ಯಾಕೋ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅದಕ್ಕೆ ಬೇರೆ ಹೆಸರಿದ್ಯಾ? ಕೊಸರಕ್ಕನ ಬಳ್ಳಿ ಕಾಡು ತಿಂತಿದೆ ಅಂತ ವರದಿ ಬರೀಲಾ, ನನ್ನ ಕೈಯಾರೆ? ಗೊತ್ತಾಗದ ಹಾಗೆ ಕಿತ್ತು ಮುಗಿಸೋಣ ಅಂದ್ಕೊಂಡೆ. ಕಿತ್ತಷ್ಟೂ ಜಾಸ್ತಿಯಾಯ್ತು. ನನಗೂ ಯಾಕೆ ಅಂತ ಅರ್ಥ ಆಗ್ಲಿಲ್ಲ."

"ಮತ್ತೆ ದಿನಾ ಕೂತ್ಕೊಂಡು ಬೈತಿದ್ಯಲ್ಲೋ ನನ್ನ!"

"ನೀನೇ ಬಾಯಿ ಬಿಡ್ತೀಯೇನೋ ಅಂತ. ನಿಂಗೆ ಗೊತ್ತಿದೆ, ಗೊತ್ತಿದ್ದೂ ಟೀ ಕೊಡ್ತಿದೀಯ ಅಂದ್ಕೊಂಡಿದ್ದೆ."

"ನಂಗೆ ಗೊತ್ತಿರ್ಲಿಲ್ಲ ಕಣೋ. ಆ ನೋಟೀಸು ನೋಡೋವರೆಗೂ ಗೊತ್ತಿರ್ಲಿಲ್ಲ."

"ಹೌದಲ್ಲ," ಎಂದ ಅವನು. "ಅವತ್ತು ಮೇಡಂ ಹೇಳಿದ್ದು ಕೇಳಿಸ್ಕೊಂಡ್ಯಲ್ಲ? ಎಳೆದ್ರೆ ನೂರು ಉದುರುತ್ತೆ ಅಂದ್ರಲ್ಲ? ತೊರೆ ಉದ್ದಕ್ಕೂ ಬಿತ್ತಿದ್ದು ನಾನು ಕಣಕ್ಕ. ನಿನ್ನ ಹೆಸರು ಉಳಿಸ್ತೀನಿ ಅಂತ ಹೋಗಿ, ಮೂವತ್ತು ವರ್ಷ ಕಾದ ಕಾಡನ್ನ ನಾನೇ ತಿನ್ನಿಸಿಬಿಟ್ಟೆ."

ಅವಳು ಅವನ ಪಕ್ಕ ನೆಲದ ಮೇಲೇ ಕೂತಳು. ಬೈಯೋಣವೆಂದರೆ ಯಾರನ್ನು ಬೈಯುವುದು? ಬಂದ ಗಿರಾಕಿಯೊಬ್ಬರು ಗೇಟಿನಲ್ಲಿ ಸ್ವಲ್ಪ ಹೊತ್ತು ನಿಂತು, ಅಕ್ಕತಮ್ಮ ಏನೋ ಮನೆಯ ವಿಷಯ ಮಾತಾಡುತ್ತಿದ್ದಾರೆಂದು ಹಿಂತಿರುಗಿ ಹೋದರು.

ಮಾರನೇ ದಿನ ಬೆಳಗ್ಗೆ ಇಬ್ಬರೂ ಕಾಡಿನ ಕಚೇರಿಗೆ ಹೋದರು. ಎರಡು ಕೋಣೆಯ ಕಚೇರಿ, ಮೇಜಿನ ಮೇಲೆ ಊರಿನ ನಕ್ಷೆ. ಕೊಸರಕ್ಕ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು: ಒದ್ದೆ ಕರವಸ್ತ್ರ, ಕೊಸರು, ಬೇಲಿಯಾಚೆ ಸುರಿದದ್ದು, ಗೇಟಿನಲ್ಲಿ ಹೇಳಿದ ಸುಳ್ಳು. ತಮ್ಮ ತನ್ನದನ್ನು ಹೇಳಿದ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಂಚದಷ್ಟಿದ್ದಾಗ ಹೇಳಿದ್ರೆ ಇಬ್ಬರು ಮೂವರು ಸೇರಿ ಒಂದೇ ಬೆಳಗ್ಗೆ ಮುಗಿಸಿಬಿಡಬಹುದಿತ್ತು," ಎಂದಳು ಅಷ್ಟೇ. "ಈಗ ಹತ್ತು ವರ್ಷ ಬೇಕು. ಮರಗಳು ಎಷ್ಟು ಉಳಿಯುತ್ತೋ ಗೊತ್ತಿಲ್ಲ." ತಮ್ಮ ಊರುಗೋಲಿನ ತುದಿ ನೋಡುತ್ತ ನಿಂತ.

ಆಮೇಲೆ ಕೆಂಪು ಪೆನ್ನು ತೆಗೆದು ಮೇಡಂ ಕೇಳಿದಳು, "ಯಾವ್ಯಾವ ಮನೆ ಅಂತ ನೆನಪಿದ್ಯಾ?"

ನೆನಪಿಲ್ಲದೆ ಏನು! ಕೊಸರು ಕೊಟ್ಟವಳಿಗೆ ತೆಗೆದುಕೊಂಡವರು ಮರೆತುಹೋಗುತ್ತಾರೆಯೇ? ಹಳದಿ ಗೇಟಿನವರು ಮಲ್ಲಿಗೆ ಕೊಂಡಿದ್ದರು. ದರ್ಜಿಯ ಹೆಂಡತಿ ನಿಂಬೆ ಸಸಿಗೆ ಬಂದಿದ್ದಳು, ಎಂಟು ತಿಂಗಳ ಬಸುರಿ. ಮೂಲೆಯ ಡಾಕ್ಟರು ಏನೂ ಕೊಂಡಿರಲಿಲ್ಲ, ಬರೀ ಮೂಸಿ ನೋಡಿದ್ದರು. ಅವಳು ಹೇಳುತ್ತ ಹೋದಳು, ಮೇಡಂ ಚುಕ್ಕೆಯಿಡುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ನಕ್ಷೆಯ ಮೇಲೆ ಊರು ದಡಾರ ಎದ್ದವರ ಮೈಯಂತೆ ಕಾಣುತ್ತಿತ್ತು.

"ಇವರೂ ಬೇರೆಯವರಿಗೆ ಕೊಟ್ಟಿರ್ತಾರೆ," ಎಂದಳು ಮೇಡಂ. "ನೋಟೀಸು ಐವತ್ತು ಕಡೆ ಹಚ್ಚಿದೀನಿ. ಒಬ್ಬರೂ ಫೋನ್ ಮಾಡಿಲ್ಲ. ಚಿತ್ರ ನೋಡಿದ್ರೂ ಇದು ನಮ್ಮನೇದೇ ಅಂತ ಯಾರಿಗೂ ಅನ್ನಿಸ್ತಿಲ್ಲ."

"ಆ ಹೆಸರು ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದಳು ಕೊಸರಕ್ಕ.

ಅವಳು ಮುಂದೇನು ಹೇಳುತ್ತಾಳೆಂದು ತಮ್ಮನಿಗೆ ತಿಳಿಯಿತು. "ಬೇಡ ಕಣೇ," ಎಂದ, ಅವಳ ತೋಳು ಹಿಡಿದು. "ನಮ್ಮಕ್ಕ ಅಲ್ವಾ, ಅದೊಂದು ಬೇಡ."

ಅವಳು ತೋಳು ಬಿಡಿಸಿಕೊಂಡಳು. "ಕೊಸರಕ್ಕನ ಬಳ್ಳಿ ಅಂತ ಹಾಕಿ ಮೇಡಂ," ಎಂದಳು ಕೊನೆಗೆ. "ದೊಡ್ಡ ಅಕ್ಷರದಲ್ಲಿ."

ಹೊಸ ನೋಟೀಸಿನ ಮೊದಲ ಪ್ರತಿಯನ್ನು ಅವಳೇ ತನ್ನ ಗೇಟಿಗೆ ಅಂಟಿಸಿದಳು. ತಮ್ಮ ಅಂಟಿನ ಡಬ್ಬ ಹಿಡಿದುಕೊಂಡು ನಿಂತಿದ್ದ. 'ಕೊಸರಕ್ಕನ ಬಳ್ಳಿ ನಿಮ್ಮ ಮನೆಯಲ್ಲಿದೆಯೇ? ಎಳೆಯಬೇಡಿ. ಎಸೆಯಬೇಡಿ. ಯಾರಿಗೂ ಕೊಡಬೇಡಿ. ಕಚೇರಿಗೆ ತಿಳಿಸಿ.' ಅದೇ ಸಂಜೆಗೆ ಇಪ್ಪತ್ತು ಫೋನು ಬಂದವು. ಮೂರನೇ ದಿನ ಲೆಕ್ಕದ ಮೇಷ್ಟ್ರು ತಾವೇ ಬಂದರು. ಟ್ಯೂಷನ್ ಮಕ್ಕಳ ಮನೆಗಳನ್ನೆಲ್ಲ ಪಟ್ಟಿ ಮಾಡಿ, ವಿಳಾಸ ಸಮೇತ, ನೀಟಾಗಿ ಗೆರೆ ಹೊಡೆದು ಬರೆದು ತಂದಿದ್ದರು. ಅವಳ ಮುಖ ನೋಡದೆ ಪಟ್ಟಿಯನ್ನು ತಮ್ಮನ ಕೈಗಿತ್ತು ಹೋದರು. ನರ್ಸರಿಗೆ ಬರುವವರು ಕಡಿಮೆಯಾದರು. ಬಂದವರೂ ಕೊಳ್ಳುವ ಮುಂಚೆ, ಇದು ಹಬ್ಬಲ್ಲ ತಾನೇ, ಇದು ಈ ಕಡೆಯದೇ ತಾನೇ ಎಂದು ನಾಲ್ಕು ಸಲ ಕೇಳುವಂತಾದರು. ಕೇಳಬೇಕಾದದ್ದೇ. ಅವಳು ಇಪ್ಪತ್ತು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯೇ ಅದು.

ಈಗ ಅವಳು ಬೆಳಗ್ಗೆ ನರ್ಸರಿ, ಮಧ್ಯಾಹ್ನದ ಮೇಲೆ ಊರು ಎಂದು ಹಂಚಿಕೊಂಡಿದ್ದಾಳೆ. ಅವಳ ಕೈಯಲ್ಲಿ ಕಪ್ಪು ಚೀಲಗಳು, ತಮ್ಮನ ಹೆಗಲ ಮೇಲೆ ಮಡಿಸಿದ ಹಳೆಯ ಹಾಸು. ಮೊನ್ನೆ ಒಂದು ಬೀದಿಯಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಹಿತ್ತಲಲ್ಲಿ ಬಳ್ಳಿಯೊಂದಿಗೆ ಜಗಳವಾಡುತ್ತಿದ್ದಳು. ಗೋಡೆಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿದ್ದಳು.

"ಹಾಳು ಕೊಸರಕ್ಕ!" ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿದಳು. "ಮನೆ ತುಂಬ ಹಬ್ಬಿದಾಳೆ ನೋಡ್ರೀ. ಎಷ್ಟು ಕಿತ್ತರೂ ಸಾಯ್ತಾನೇ ಇಲ್ಲ ಇವಳು."

ತಮ್ಮ ಗಕ್ಕನೆ ನಿಂತ. ಅವನ ಮುಖ ಕಪ್ಪಿಟ್ಟಿತು. ಮುಂದೆ ಹೋಗೋಣ ಬಾ ಎಂದು ಅಕ್ಕನ ಸೆರಗು ಎಳೆದ. ಅವಳು ಹೋಗಲಿಲ್ಲ. ಗೇಟು ತೆಗೆದು ಒಳಗೆ ನಡೆದಳು.

"ಎಳೀಬೇಡ ಮಗಳೇ, ಗಂಟು ಉದುರುತ್ತೆ. ಮೊದಲು ಕೆಳಗೆ ಹಾಸಬೇಕು."

ಹುಡುಗಿ ಬೆವರು ಒರೆಸಿಕೊಂಡಳು. "ಕಚೇರಿಯಿಂದ ಬಂದ್ರಾ? ನೀವು ಯಾರು?"

"ನಾನೇ ಕಣಮ್ಮ, ಕೊಸರಕ್ಕ," ಎಂದು ಅವಳು ನೋಯುವ ಮಂಡಿಯನ್ನು ನಿಧಾನವಾಗಿ ಮಡಿಸಿ ನೆಲಕ್ಕೆ ಕೂತು, ಆಗಲೇ ಉದುರಿದ್ದ ಗಂಟುಗಳನ್ನು ಒಂದೊಂದಾಗಿ ಆರಿಸತೊಡಗಿದಳು.